ದೂರ ಬದಲಾಗಿಲ್ಲ, ಗಂಟೆ ಬದಲಾಗಿದೆ: ವಿಮಾನ ಪ್ರಯಾಣದ ಅವಧಿ ನಿಜಕ್ಕೂ ಯಾವುದರಿಂದ ನಿರ್ಧಾರವಾಗುತ್ತದೆ?

ದೆಹಲಿಯಿಂದ ತಾಷ್ಕೆಂಟ್‌ಗೆ ನೇರ ದೂರ ಸುಮಾರು 1,600 ಕಿಲೋಮೀಟರ್. ಏರ್‌ಬಸ್ ಎ320 ಮಾದರಿಯ ವಿಮಾನ ಒಂದೇ ಹಾರಾಟದಲ್ಲಿ ಇದರ ಮೂರು ಪಟ್ಟು ದೂರವನ್ನು ಸಲೀಸಾಗಿ ಹೋಗಬಲ್ಲದು. ಹಾಗಿದ್ದೂ 2025ರ ಏಪ್ರಿಲ್ ಕೊನೆಯಲ್ಲಿ ಇಂಡಿಗೊ ಸಂಸ್ಥೆ ತಾಷ್ಕೆಂಟ್ ಮತ್ತು ಅಲ್ಮಾಟಿ ಹಾರಾಟಗಳನ್ನು ನಿಲ್ಲಿಸಬೇಕಾಯಿತು. ತನ್ನ ಬಳಿಯಿರುವ ವಿಮಾನಗಳಿಗೆ ಈ ಊರುಗಳು ಎಟುಕುತ್ತಿಲ್ಲ ಎಂಬುದು ಅದು ಕೊಟ್ಟ ಕಾರಣ. ಆಗಿದ್ದಿಷ್ಟೆ: ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಯಾನ ಸಂಸ್ಥೆಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತ್ತು. ನೇರ ಉತ್ತರಕ್ಕೆ ಹೋಗೋಣವೆಂದರೆ ಹಿಮಾಲಯ, ಕಾರಾಕೋರಂ, ಅದರಾಚೆ ಟಿಬೆಟ್ ಪ್ರಸ್ಥಭೂಮಿ. ಉಳಿದದ್ದು ಗುಜರಾತ್ ಕಡೆಗೆ ಇಳಿದು, ಅರಬ್ಬಿ ಸಮುದ್ರ ದಾಟಿ, ಇರಾನ್ ಮೇಲಿಂದ ಮತ್ತೆ ಉತ್ತರಕ್ಕೆ ಏರುವ ಸುತ್ತುದಾರಿ.

ಎರಡು ನಗರಗಳ ನಡುವೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಹುಡುಕಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ ಬಗೆಯದು. ನೇರ ದೂರವನ್ನು ಗಂಟೆಗೆ 800 ಅಥವಾ 900 ಕಿ.ಮೀ. ವೇಗದಿಂದ ಭಾಗಿಸಿ, ಮೇಲೆ ಅರ್ಧ ಗಂಟೆ ಸೇರಿಸಿದ ಸಂಖ್ಯೆ. ಗಾಳಿಯಿಲ್ಲದ, ಗಡಿಗಳಿಲ್ಲದ ಆಕಾಶಕ್ಕೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ನಿಜದಲ್ಲಿ ಅವಧಿಯನ್ನು ನಿರ್ಧರಿಸುವುದು ಗಾಳಿ, ಯಾರ ಆಕಾಶದಲ್ಲಿ ಹಾರಲು ಅನುಮತಿ ಇದೆ ಎಂಬುದು ಮತ್ತು ತುರ್ತಿಗೆ ಇಳಿಯಲು ಎಲ್ಲಿ ಜಾಗವಿದೆ ಎಂಬುದು. 2022ರಿಂದೀಚೆಗೆ ಇವುಗಳಲ್ಲಿ ಎರಡನೆಯದೇ ಎಲ್ಲಕ್ಕಿಂತ ಭಾರವಾಗಿದೆ.

ನೇರ ದೂರ ಎಂದರೆ ಯಾವುದು?

ಗೋಡೆಯ ಮೇಲಿನ ಭೂಪಟದಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆ ಅತಿ ಹತ್ತಿರದ ದಾರಿಯಲ್ಲ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ ಮಹಾವೃತ್ತದ ಒಂದು ಕಂಸ. ಅಂದರೆ ಭೂಮಿಯ ಕೇಂದ್ರದ ಮೂಲಕ ಹಾಯುವ ಸಮತಲ ಮೇಲ್ಮೈಯನ್ನು ಕತ್ತರಿಸುವ ಗೆರೆ. ಎರಡು ಊರುಗಳು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ರೇಖಾಂಶದಲ್ಲಿ 180 ಡಿಗ್ರಿ ಅಂತರದಲ್ಲಿವೆ ಎಂದುಕೊಳ್ಳಿ. ಅಕ್ಷಾಂಶದ ಗುಂಟವೇ ಹೋದರೆ ಸುಮಾರು 10,000 ಕಿ.ಮೀ. ಉತ್ತರ ಧ್ರುವದ ಮೇಲಿಂದ ಹೋದರೆ 6,670 ಕಿ.ಮೀ. ಭೂಪಟದಲ್ಲಿ ಮೊದಲನೆಯದು ನೇರ ಗೆರೆಯಾಗಿ ಕಾಣುತ್ತದೆ, ಎರಡನೆಯದನ್ನು ಎಳೆಯಲೂ ಆಗುವುದಿಲ್ಲ.

ಲೆಕ್ಕ ಹಾಕಲು ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಇದ್ದರೆ ಸಾಕು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅದಕ್ಕೆ ಎರಡು ಅಕ್ಷಾಂಶಗಳ ಕೊಸೈನ್‌ಗಳು ಮತ್ತು ರೇಖಾಂಶ ವ್ಯತ್ಯಾಸದ ಕೊಸೈನ್, ಈ ಮೂರರ ಗುಣಲಬ್ಧವನ್ನು ಕೂಡಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ನೋಡಿ, ಆ ಕೋನದ ಡಿಗ್ರಿಯನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಹೆಲ್ಸಿಂಕಿ (60.3 ಉತ್ತರ, 25.0 ಪೂರ್ವ) ಮತ್ತು ಟೋಕಿಯೊದ ಹನೇಡಾ (35.6 ಉತ್ತರ, 139.8 ಪೂರ್ವ) ನಡುವೆ ಈ ಕೋನ 70.3 ಡಿಗ್ರಿಯ ಆಸುಪಾಸು ಬರುತ್ತದೆ, ದೂರ ಸುಮಾರು 7,800 ಕಿ.ಮೀ. ಭೂಮಿ ಪಕ್ಕಾ ಗೋಳವಲ್ಲ, ಧ್ರುವಗಳಲ್ಲಿ ಕೊಂಚ ಚಪ್ಪಟೆ. ಅದರಿಂದ ಆಗುವ ವ್ಯತ್ಯಾಸ ಶೇ 0.5ರೊಳಗೇ ಇರುವುದರಿಂದ ಪ್ರಯಾಣಿಕರು ತಲೆಕೆಡಿಸಿಕೊಳ್ಳಬೇಕಿಲ್ಲ. ವಾಯುಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಸಾಮಾನ್ಯ ಮೈಲಿ 1,609 ಮೀಟರ್ ಆದ್ದರಿಂದ ಇವೆರಡನ್ನೂ ಬೆರೆಸಿಬಿಟ್ಟರೆ ಶೇ 15ರಷ್ಟು ತಪ್ಪುತ್ತದೆ. ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ತಪ್ಪು ದೂರಗಳಿಗೆ ಮೂಲ ಇದೇ.

ಗಂಟೆಗೆ 900 ಎಲ್ಲಿಂದ ಬಂತು?

ದೊಡ್ಡ ಜೆಟ್ ವಿಮಾನಗಳ ಪೈಲಟ್‌ಗಳು ಎತ್ತರದಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ವೇಗ ಹಿಡಿಯುವುದಿಲ್ಲ, ಮ್ಯಾಕ್ ಸಂಖ್ಯೆ, ಅಂದರೆ ಶಬ್ದದ ವೇಗದ ಎಷ್ಟು ಪಾಲು ಎಂಬುದನ್ನು ಹಿಡಿಯುತ್ತಾರೆ. ಬೋಯಿಂಗ್ 787, ಏರ್‌ಬಸ್ ಎ350 ಮಾದರಿಗಳದು ಮ್ಯಾಕ್ 0.85, ಎ320, 737 ಮಾದರಿಗಳದು 0.78ರ ಆಸುಪಾಸು. 11 ಕಿ.ಮೀ. ಎತ್ತರದಲ್ಲಿ ಮಾದರಿ ವಾತಾವರಣದ ಉಷ್ಣಾಂಶ ಮೈನಸ್ 56.5 ಡಿಗ್ರಿ ಸೆಲ್ಸಿಯಸ್. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಅದರ 0.85 ಪಾಲು 900, 0.78 ಪಾಲು 830. ಅಂದರೆ ಒಂದೇ ಮಾರ್ಗದಲ್ಲಿ ವಿಮಾನದ ಮಾದರಿ ಬದಲಾದರೇ ಹತ್ತು ಗಂಟೆಯ ಹಾರಾಟಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ವ್ಯತ್ಯಾಸವಾಗುತ್ತದೆ.

ಆ ವೇಗ ತಲುಪಲು ಏರಿಕೆಗೆ 20–25 ನಿಮಿಷ ಬೇಕು. ಇಳಿಯುವಾಗ 36,000 ಅಡಿಯಿಂದ ಹೊರಟರೆ ಸುಮಾರು 200 ಕಿ.ಮೀ. ಮೊದಲೇ ಇಳಿತ ಆರಂಭಿಸಬೇಕು. ಈ ಎರಡು ನಿಧಾನದ ಹಂತಗಳಿಗಾಗಿಯೇ ಅರ್ಧ ಗಂಟೆ ಸೇರಿಸುವ ರೂಢಿ. ಇನ್ನು ವೇಳಾಪಟ್ಟಿಯಲ್ಲಿ ಕಾಣುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್: ಗೇಟಿನಿಂದ ವಿಮಾನ ಹಿಂದೆ ಸರಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಂತ ಕ್ಷಣದವರೆಗೆ. ಗಿಜಿಗುಡುವ ನಿಲ್ದಾಣಗಳಲ್ಲಿ ಟ್ಯಾಕ್ಸಿ ಮಾಡುವುದರಲ್ಲೇ, ಅಂದರೆ ಗೇಟು ಮತ್ತು ರನ್‌ವೇ ನಡುವೆ ನೆಲದ ಮೇಲೆ ಸಾಗುವುದರಲ್ಲೇ, 20–30 ನಿಮಿಷ ಹೋಗುತ್ತದೆ. ಸಂಸ್ಥೆಗಳು ಇದರ ಮೇಲೂ ಒಂದಿಷ್ಟು ಹೊತ್ತು ಸೇರಿಸಿಟ್ಟುಕೊಳ್ಳುತ್ತವೆ. ನಿಗದಿತ ಸಮಯಕ್ಕಿಂತ 15 ನಿಮಿಷ ದಾಟಿದರೆ ಮಾತ್ರ ತಡ ಎಂದು ಲೆಕ್ಕವಾಗುವ ಪದ್ಧತಿಯಿರುವಾಗ, ಪಟ್ಟಿಯಲ್ಲೇ ಸಮಯ ಹಿಗ್ಗಿಸಿಟ್ಟರೆ ಅಂಕಿ ಅಂಶ ಚಂದ ಕಾಣುತ್ತದೆ. ‘ಅರ್ಧ ಗಂಟೆ ಮೊದಲೇ ಬಂದಿಳಿದಿದ್ದೇವೆ’ ಎಂಬ ಪ್ರಕಟಣೆಯ ಹಿಂದೆ ಹಲವು ಸಲ ಇರುವುದು ಇದೇ ಲೆಕ್ಕಾಚಾರ.

ಗಾಳಿ: ಉದ್ದದ ದಾರಿ ಬೇಗ ಮುಗಿಯುವುದು ಹೇಗೆ

ವಿಮಾನದ 900 ಕಿ.ಮೀ. ವೇಗ ಸುತ್ತಲಿನ ಗಾಳಿಗೆ ಸಂಬಂಧಿಸಿದ್ದು, ನೆಲಕ್ಕಲ್ಲ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲಿನ ವೇಗ ಬದಲಾಗುತ್ತದೆ. ಎರಡೂ ಅರ್ಧಗೋಳಗಳ ಮಧ್ಯ ಅಕ್ಷಾಂಶಗಳಲ್ಲಿ, 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಹೊಳೆ ಹರಿಯುತ್ತದೆ. ವಿಮಾನಗಳು ಹಾರುವುದೂ ಅದೇ ಎತ್ತರದಲ್ಲಿ. ಗಂಟೆಗೆ 150–200 ಕಿ.ಮೀ. ಅದರ ಸಾಮಾನ್ಯ ವೇಗ. ಚಳಿಗಾಲದಲ್ಲಿ ಧ್ರುವ ಮತ್ತು ಉಷ್ಣವಲಯಗಳ ಉಷ್ಣಾಂಶದ ಅಂತರ ಹೆಚ್ಚುವುದರಿಂದ ಈ ಹರಿವೂ ಜೋರಾಗುತ್ತದೆ.

ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಸುಮಾರು 5,550 ಕಿ.ಮೀ. ಪೂರ್ವಕ್ಕೆ ಬರುವಾಗ ಪಟ್ಟಿಯಲ್ಲಿ ಏಳು ಗಂಟೆಯ ಸುತ್ತಮುತ್ತ, ಪಶ್ಚಿಮಕ್ಕೆ ಹೋಗುವಾಗ ಎಂಟು ಗಂಟೆ. 2020ರ ಫೆಬ್ರುವರಿ 9ರಂದು ಕಿಯಾರಾ ಚಂಡಮಾರುತದ ಹೊತ್ತಿನ ಬಲವಾದ ಜೆಟ್ ಸ್ಟ್ರೀಮ್ ಹಿಡಿದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಈ ದೂರವನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗೆಂದು ವಿಮಾನ ಶಬ್ದದ ವೇಗವನ್ನು ಮೀರಲಿಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಇತ್ತು.

ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿ ಸಮವಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಸಮವಾಗುವುದಿಲ್ಲ. 6,000 ಕಿ.ಮೀ. ದೂರಕ್ಕೆ 900ರ ವೇಗದಲ್ಲಿ ಗಾಳಿಯಿಲ್ಲದೆ ಹೋಗಿಬರಲು 13 ಗಂಟೆ 20 ನಿಮಿಷ ಸಾಕು. 100 ಕಿ.ಮೀ. ಗಾಳಿ ಇದ್ದರೆ ಬೆನ್ನ ಗಾಳಿಯಲ್ಲಿ 6 ಗಂಟೆ, ಎದುರುಗಾಳಿಯಲ್ಲಿ ಏಳೂವರೆ ಗಂಟೆ, ಒಟ್ಟು 13 ಗಂಟೆ 30 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಅದರ ಹೊಡೆತವೂ ಹೆಚ್ಚು ಹೊತ್ತು. ಭೂಮಿ ತಿರುಗುವುದರಿಂದ ಪಶ್ಚಿಮದ ಊರು ತಾನಾಗಿ ಹತ್ತಿರ ಬರುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುವುದರಿಂದ ಹಾಗೆ ಆಗುವುದಿಲ್ಲ. ಭೂಭ್ರಮಣದ ಪಾಲು ಇರುವುದು ಜೆಟ್ ಸ್ಟ್ರೀಮ್ ಅನ್ನು ಪೂರ್ವಕ್ಕೆ ತಿರುಗಿಸುವುದರಲ್ಲಿ.

ಆದ್ದರಿಂದ ಫ್ಲೈಟ್ ಪ್ಲಾನ್ ಮಾಡುವವರು ಹುಡುಕುವುದು ಕಡಿಮೆ ದೂರದ ದಾರಿಯನ್ನಲ್ಲ, ಕಡಿಮೆ ಸಮಯದ ಅಥವಾ ಕಡಿಮೆ ಖರ್ಚಿನ ದಾರಿಯನ್ನು. ಉತ್ತರ ಅಟ್ಲಾಂಟಿಕ್‌ನಲ್ಲಿ ಗಾಳಿಯ ಮುನ್ಸೂಚನೆ ನೋಡಿ ಪ್ರತಿದಿನವೂ ಹೊಸದಾಗಿ ಮಾರ್ಗಗಳನ್ನು ಎಳೆಯುತ್ತಾರೆ. ಹಗಲು ಪಶ್ಚಿಮಕ್ಕೆ, ರಾತ್ರಿ ಪೂರ್ವಕ್ಕೆ.

ಇದರ ಅತಿ ಸ್ಪಷ್ಟ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ. ಮಹಾವೃತ್ತದ ದೂರ ಸುಮಾರು 12,400 ಕಿ.ಮೀ. ಏರ್ ಇಂಡಿಯಾ ಮೊದಲು ಯುರೋಪ್, ಅಟ್ಲಾಂಟಿಕ್ ಕಡೆಯಿಂದ ಪಶ್ಚಿಮಕ್ಕೆ ಹೋಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ದಿಕ್ಕು ಬದಲಿಸಿ ಪೆಸಿಫಿಕ್ ಮೇಲಿಂದ ಪೂರ್ವಕ್ಕೆ ಹಾರಿತು. ಹಾರಿದ ದೂರ ಸುಮಾರು 15,300 ಕಿ.ಮೀ., ಅಟ್ಲಾಂಟಿಕ್ ದಾರಿಗಿಂತ 1,400 ಕಿ.ಮೀ.ಯಷ್ಟು ಹೆಚ್ಚು. ಸಮಯ ಮಾತ್ರ ಹದಿನಾಲ್ಕೂವರೆ ಗಂಟೆ, ಹಳೆಯದಕ್ಕಿಂತ ಸುಮಾರು ಎರಡು ಗಂಟೆ ಕಡಿಮೆ. ಭಾಗಿಸಿ ನೋಡಿದರೆ ಸರಾಸರಿ ಗಂಟೆಗೆ 1,055 ಕಿ.ಮೀ. ಬರುತ್ತದೆ. ವಾಪಸು ಬರುವ ವಿಮಾನ ಅಟ್ಲಾಂಟಿಕ್ ಕಡೆಯಿಂದಲೇ ಪೂರ್ವಾಭಿಮುಖವಾಗಿ ಬರುತ್ತಿತ್ತು. ಹೋಗಿಬಂದರೆ ಭೂಪ್ರದಕ್ಷಿಣೆಯೇ ಆಗುತ್ತಿತ್ತು, ಎರಡೂ ಕಡೆ ಗಾಳಿ ಬೆನ್ನಿಗೇ.

ಮುಚ್ಚಿದ ಆಕಾಶ

2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬಳಿಕ ಯುರೋಪಿಯನ್ ಒಕ್ಕೂಟ ರಷ್ಯಾದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಫೆಬ್ರುವರಿ 28ರಂದು ರಷ್ಯಾ 36 ದೇಶಗಳ ಸಂಸ್ಥೆಗಳಿಗೆ ತನ್ನದನ್ನು ಮುಚ್ಚಿತು. ಯುರೋಪ್ ಮತ್ತು ಪೂರ್ವ ಏಷ್ಯಾದ ನಡುವಿನ ಮಹಾವೃತ್ತಗಳೆಲ್ಲ ಹಾಯುವುದು ಸೈಬೀರಿಯಾದ ಮೇಲೆ. ಹೀಗಾಗಿ ಜಗತ್ತಿನ ಅತಿ ದೊಡ್ಡ ದೇಶದ ಆಕಾಶವೇ ರಾತ್ರೋರಾತ್ರಿ ಆ ಸಂಸ್ಥೆಗಳ ಭೂಪಟದಿಂದ ಹೊರಟುಹೋಯಿತು.

ಹೆಚ್ಚು ಪೆಟ್ಟು ಬಿದ್ದದ್ದು ಫಿನ್‌ಲ್ಯಾಂಡಿನ ವಿಮಾನಯಾನ ಸಂಸ್ಥೆ ಫಿನ್‌ಏರ್‌ಗೆ. ಹೆಲ್ಸಿಂಕಿ–ಟೋಕಿಯೊ ಹಾರಾಟ ಮೊದಲು ಒಂಬತ್ತರಿಂದ ಒಂಬತ್ತೂವರೆ ಗಂಟೆ. ಮೇಲೆ ಲೆಕ್ಕ ಹಾಕಿದ 7,800 ಕಿ.ಮೀ.ಯನ್ನು 900ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿದರೂ ಅದೇ ಬರುತ್ತದೆ. ಈಗ ಸುಮಾರು 13 ಗಂಟೆ. ಒಂದು ದಾರಿ ನಾರ್ವೆ, ಉತ್ತರ ಧ್ರುವ, ಅಲಾಸ್ಕಾ, ಬೇರಿಂಗ್ ಜಲಸಂಧಿಯ ಬಳಿಯಿಂದ ಪೆಸಿಫಿಕ್‌ಗೆ ಇಳಿಯುತ್ತದೆ. ಇನ್ನೊಂದು ಕೆಳಗಡೆಯಿಂದ, ಕ್ಯಾಸ್ಪಿಯನ್, ಮಧ್ಯ ಏಷ್ಯಾ, ಚೀನಾ, ಕೊರಿಯಾ ಮಾರ್ಗವಾಗಿ. ಆಯಾ ದಿನದ ಗಾಳಿ ನೋಡಿ ಇವುಗಳಲ್ಲೊಂದನ್ನು ಆರಿಸುತ್ತಾರೆ. ಧ್ರುವದ ದಾರಿ ಹೊಸದೇನಲ್ಲ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಮುಚ್ಚಿದ್ದಾಗ ಯುರೋಪಿನ ವಿಮಾನಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊಗೆ ಹೋಗುತ್ತಿದ್ದವು. 1983ರಲ್ಲಿ ಫಿನ್‌ಏರ್ ತನ್ನ ಡಿಸಿ-10ರಲ್ಲಿ ಧ್ರುವದ ಮೇಲಿಂದ ಎಲ್ಲಿಯೂ ನಿಲ್ಲದೆ ಅಲ್ಲಿಗೆ ಹಾರಿತ್ತು.

ಮೂರೂವರೆ ಗಂಟೆ ಹೆಚ್ಚಾದರೆ ಏನು ಮಹಾ ಎನಿಸಬಹುದು. ಪೆಟ್ಟು ಹಲವು ಕಡೆ ಬೀಳುತ್ತದೆ. ಒಂಬತ್ತೂವರೆ ಗಂಟೆ ಹೋಗಿ, ನಿಲ್ದಾಣದಲ್ಲಿ ಎರಡು ಮೂರು ಗಂಟೆ ನಿಂತು, ಒಂಬತ್ತೂವರೆ ಗಂಟೆ ವಾಪಸು ಬಂದರೂ 24 ಗಂಟೆಯೊಳಗೆ ಆಗುತ್ತಿತ್ತು. ಅಂದರೆ ಒಂದು ವಿಮಾನವಿದ್ದರೆ ದಿನಕ್ಕೊಂದು ಹಾರಾಟ ನಡೆಸಬಹುದಿತ್ತು, ಫಿನ್‌ಏರ್‌ನ ಏಷ್ಯಾ ವ್ಯವಹಾರ ನಿಂತಿದ್ದೇ ಈ ಲೆಕ್ಕದ ಮೇಲೆ. 13 ಗಂಟೆಯಾದ ಮೇಲೆ ಹೋಗಿಬರುವುದೇ 26 ಗಂಟೆ. ಅದೇ ವೇಳಾಪಟ್ಟಿಗೆ ಒಂದೇ ವಿಮಾನ ಸಾಲುವುದಿಲ್ಲ.

ಸಿಬ್ಬಂದಿಯದೂ ಇದೇ ಕಥೆ. ಅಮೆರಿಕದ ನಿಯಮದ ಪ್ರಕಾರ ಇಬ್ಬರು ಪೈಲಟ್‌ಗಳು ಹೊರಡುವ ಹೊತ್ತನ್ನು ಆಧರಿಸಿ 8 ಅಥವಾ 9 ಗಂಟೆ, ಮೂವರು 13 ಗಂಟೆ, ನಾಲ್ವರು 17 ಗಂಟೆವರೆಗೆ ಹಾರಿಸಬಹುದು. ಇತರ ದೇಶಗಳ ಮಿತಿಗಳು ಬೇರೆಯಿದ್ದರೂ ತರ್ಕ ಒಂದೇ. ದಾರಿ ಬೆಳೆದು ಈ ಗೆರೆಗಳಲ್ಲೊಂದನ್ನು ದಾಟಿದರೆ ಇನ್ನೊಬ್ಬ ಪೈಲಟ್ ಬೇಕೇ ಬೇಕು.

ಇಂಧನದ ವಿಷಯ ಇನ್ನೂ ಕಟು. ಎರಡು ಎಂಜಿನ್‌ಗಳ ದೊಡ್ಡ ವಿಮಾನ ಗಂಟೆಗೆ 6ರಿಂದ 8 ಟನ್ ಇಂಧನ ಉರಿಸುತ್ತದೆ. ಟ್ಯಾಂಕಿನಲ್ಲಿ ಇರಬೇಕಾದದ್ದು ದಾರಿಯ ಇಂಧನವಷ್ಟೇ ಅಲ್ಲ: ಟ್ಯಾಕ್ಸಿಗೆ ಬೇಕಾದಷ್ಟು, ದಾರಿಯ ಇಂಧನದ ಶೇ 5ರಷ್ಟು ಹೆಚ್ಚುವರಿ, ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು, ಕೊನೆಗೆ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು. ಹೆಚ್ಚು ಇಂಧನ ಹೊತ್ತರೆ ತೂಕ ಹೆಚ್ಚುತ್ತದೆ, ಆ ತೂಕವನ್ನು ಹೊರಲು ಮತ್ತಷ್ಟು ಇಂಧನ ಬೇಕು. ಹೆಚ್ಚುವರಿಯಾಗಿ ಹೊತ್ತದ್ದರಲ್ಲಿ ಪ್ರತಿ ಗಂಟೆಗೆ ಶೇ 3–4ರಷ್ಟು ಹೊರುವುದಕ್ಕೇ ಖರ್ಚಾಗುತ್ತದೆ ಎಂಬುದು ಈ ವಲಯದ ಸ್ಥೂಲ ಲೆಕ್ಕ. ವಿಮಾನಕ್ಕೆ ಟೇಕ್‌ಆಫ್ ತೂಕದ ಗರಿಷ್ಠ ಮಿತಿ ಇರುತ್ತದೆ. ಆ ಮಿತಿ ತಲುಪಿದ ಮೇಲೆ ಒಂದು ಟನ್ ಇಂಧನ ಸೇರಿಸಬೇಕೆಂದರೆ ಒಂದು ಟನ್ ಸರಕನ್ನೋ, ಲಗೇಜು ಸಮೇತ ಹತ್ತು ಪ್ರಯಾಣಿಕರನ್ನೋ ಇಳಿಸಬೇಕು. ಸೀಟು ಖಾಲಿಯಿದ್ದರೂ ಟಿಕೆಟ್ ಮಾರದಿರುವ ಹಾರಾಟಗಳು ಇರುವುದು ಇದಕ್ಕೇ. ಸಿಂಗಪುರ–ನ್ಯೂಯಾರ್ಕ್ ನಡುವೆ 15,300 ಕಿ.ಮೀ.ಗೂ ಹೆಚ್ಚು ದೂರವನ್ನು 18 ಗಂಟೆ ದಾಟಿ ಹಾರುವ ಎ350-900 ಯುಎಲ್‌ಆರ್ (ಅತಿ ದೂರದ ಹಾರಾಟದ ಮಾದರಿ) ವಿಮಾನದಲ್ಲಿ ಇರುವುದು 161 ಸೀಟು ಮಾತ್ರ, ಸಾಮಾನ್ಯ ಎಕಾನಮಿ ದರ್ಜೆಯೇ ಇಲ್ಲ.

ರಷ್ಯಾದ ನಿರ್ಬಂಧ ಎಲ್ಲರಿಗೂ ಅನ್ವಯಿಸುವುದಿಲ್ಲ. ಚೀನಾ, ಭಾರತ, ಟರ್ಕಿ, ಕೊಲ್ಲಿ ದೇಶಗಳ ಸಂಸ್ಥೆಗಳು ಆ ಆಕಾಶವನ್ನು ಬಳಸುತ್ತಲೇ ಇವೆ. ಒಂದೇ ಎರಡು ನಗರಗಳ ನಡುವೆ ಎರಡು ಸಂಸ್ಥೆಗಳ ಅವಧಿ ಬೇರೆಬೇರೆಯಾಗುವ ವಿಚಿತ್ರ ಹುಟ್ಟಿದ್ದು ಹೀಗೆ. 2024ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಏರ್‌ವೇಸ್ ಬೀಜಿಂಗ್ ಹಾರಾಟವನ್ನೂ ವರ್ಜಿನ್ ಅಟ್ಲಾಂಟಿಕ್ ಶಾಂಘೈ ಹಾರಾಟವನ್ನೂ ಕೈಬಿಟ್ಟವು. ಭಾರತೀಯ ಸಂಸ್ಥೆಗಳಿಗೆ ರಷ್ಯಾ ತೆರೆದಿದ್ದರೂ ಪಾಕಿಸ್ತಾನ ಮುಚ್ಚಿದೆ. ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವ ಏರ್ ಇಂಡಿಯಾ ವಿಮಾನಗಳು ಒಮಾನ್ ಕಡೆಗೆ ಇಳಿದು ಹೋಗಬೇಕಾಯಿತು, ಉತ್ತರ ಅಮೆರಿಕದ ಕೆಲವು ಹಾರಾಟಗಳು ಯುರೋಪಿನಲ್ಲಿ ಇಂಧನಕ್ಕಾಗಿ ನಿಲ್ಲಬೇಕಾಯಿತು. 2025ರ ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ಹಾರಾಟ ನಿಂತಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ವಿಮಾನಗಳ ಕೊರತೆಯ ಜೊತೆಗೆ ಇದೂ ಒಂದು.

ಮುಚ್ಚುವಿಕೆಯ ಮೇಲೆ ಗಾಳಿಯೂ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪರ್ತ್–ಲಂಡನ್ ನೋಡಬೇಕು. ಸುಮಾರು 14,500 ಕಿ.ಮೀ., 17 ಗಂಟೆಯ ಈ ಹಾರಾಟವನ್ನು ಕ್ವಾಂಟಾಸ್ 787ರಲ್ಲಿ ನಡೆಸುತ್ತದೆ. 2024ರ ಏಪ್ರಿಲ್‌ನಲ್ಲಿ ಇರಾನ್ ಸುತ್ತಲಿನ ಉದ್ವಿಗ್ನತೆಯಿಂದ ಸುತ್ತುದಾರಿ ಹಿಡಿಯಬೇಕಾದಾಗ ಲಂಡನ್‌ಗೆ ಹೋಗುವ ವಿಮಾನ ಸಿಂಗಪುರದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಲಂಡನ್‌ನಿಂದ ಬರುವ ವಿಮಾನ ಮಾತ್ರ ನಿಲ್ಲದೆ ಬಂತು, ಅದಕ್ಕೆ ಗಾಳಿ ಬೆನ್ನಿಗಿತ್ತು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷದ ವೇಳೆ ಇರಾನ್, ಇರಾಕ್, ಜೋರ್ಡಾನ್, ಇಸ್ರೇಲ್ ಆಕಾಶಗಳು ಮುಚ್ಚಿದಾಗ ಏಷ್ಯಾ–ಯುರೋಪ್ ದಟ್ಟಣೆ ಉತ್ತರದಲ್ಲಿ ಅಜರ್‌ಬೈಜಾನ್ ಕಡೆಗೂ ದಕ್ಷಿಣದಲ್ಲಿ ಈಜಿಪ್ಟ್–ಸೌದಿ ಕಡೆಗೂ ನುಗ್ಗಿತು. ರಷ್ಯಾ ಮತ್ತು ಇರಾನ್ ನಡುವೆ ಉಳಿದ ಉತ್ತರದ ಕಿಂಡಿ ಎಷ್ಟು ಕಿರಿದೆಂದರೆ, ಅಲ್ಲಿ ಸಾಲುಗಟ್ಟಿ ಹೋಗಬೇಕಾದ್ದರಿಂದಲೇ ಹೊರಡುವುದು ತಡವಾಗುತ್ತದೆ.

ಇಳಿಯಲು ಜಾಗ

ಎರಡು ಎಂಜಿನ್‌ಗಳ ವಿಮಾನ ಒಂದು ಎಂಜಿನ್ ಕೆಟ್ಟರೂ ನಿಗದಿತ ಸಮಯದೊಳಗೆ ಒಂದು ನಿಲ್ದಾಣ ತಲುಪುವಂತಿರಬೇಕು. ಮೂಲ ಮಿತಿ 60 ನಿಮಿಷ. 1985ರಲ್ಲಿ 120 ನಿಮಿಷಕ್ಕೆ, 1988ರಲ್ಲಿ 180 ನಿಮಿಷಕ್ಕೆ ಅನುಮತಿ ಸಿಕ್ಕಿತು. 2014ರಲ್ಲಿ ಎ350ಗೆ 370 ನಿಮಿಷದವರೆಗೆ ಮಾನ್ಯತೆ ದೊರೆಯಿತು. ಸಿಡ್ನಿ–ಸ್ಯಾಂಟಿಯಾಗೊ ಮಾರ್ಗದಲ್ಲಿ ಇದರ ಬಿಸಿ ಗೊತ್ತಾಗುತ್ತದೆ. ಎರಡೂ ಊರುಗಳು 34 ಡಿಗ್ರಿ ದಕ್ಷಿಣದ ಸಮೀಪದಲ್ಲಿದ್ದರೂ ಮಹಾವೃತ್ತ ನಡುವೆ 62 ಡಿಗ್ರಿ ದಕ್ಷಿಣದವರೆಗೆ, ಅಂಟಾರ್ಕ್ಟಿಕಾದ ಹತ್ತಿರಕ್ಕೆ ಬಾಗುತ್ತದೆ. ಕೆಳಗೆ ನಿಲ್ದಾಣವೇ ಇಲ್ಲ. ಮಾನ್ಯತೆ ಕಡಿಮೆಯಿರುವ ವಿಮಾನ ಉತ್ತರಕ್ಕೆ ಸರಿದು, ಹೆಚ್ಚು ದೂರ ಹಾರಬೇಕು.

ಟಿಬೆಟ್‌ನ ಸಮಸ್ಯೆ ಎಂಜಿನ್‌ನದಲ್ಲ, ಉಸಿರಿನದು. ಕ್ಯಾಬಿನ್ ಒತ್ತಡ ಹೋದರೆ ವಿಮಾನ ತಕ್ಷಣ 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ಮುಖವಾಡಕ್ಕೆ ಆಮ್ಲಜನಕ ಕೊಡುವ ರಾಸಾಯನಿಕ ಉತ್ಪಾದಕಗಳು ಸಾಮಾನ್ಯವಾಗಿ ಬಾಳುವುದು 15 ನಿಮಿಷದ ಆಸುಪಾಸು. ಪ್ರಸ್ಥಭೂಮಿಯೇ ಸರಾಸರಿ 15,000 ಅಡಿಯ ಹತ್ತಿರ ಇರುವಾಗ ಆ ಎತ್ತರಕ್ಕೆ ಇಳಿಯಲು ಜಾಗವಿಲ್ಲ. ಹೆಚ್ಚು ಆಮ್ಲಜನಕ ಹೊತ್ತ, ತಪ್ಪಿಸಿಕೊಳ್ಳುವ ದಾರಿಗಳನ್ನು ಮೊದಲೇ ಗುರುತಿಸಿಟ್ಟ ವಿಮಾನಗಳಷ್ಟೇ ಅಲ್ಲಿ ಹೋಗಬಹುದು. ಧ್ರುವ ಪ್ರದೇಶದಲ್ಲಿ ಇನ್ನೊಂದು ತೊಡಕು: ಜೆಟ್ ಎ ಇಂಧನ ಮೈನಸ್ 40ರಲ್ಲಿ, ಜೆಟ್ ಎ-1 ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಟ್ಯಾಂಕಿನ ಉಷ್ಣಾಂಶ ಆ ಮಟ್ಟಕ್ಕೆ ಸಮೀಪಿಸಿದರೆ ಪೈಲಟ್ ಎತ್ತರ ಇಳಿಸಬೇಕು ಅಥವಾ ವೇಗ ಹೆಚ್ಚಿಸಬೇಕು; ಎರಡಕ್ಕೂ ಇಂಧನ ಖರ್ಚು.

ನೀವೇ ಅಂದಾಜು ಮಾಡುವಾಗ

ಮಹಾವೃತ್ತದ ದೂರದಿಂದ ಶುರುಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಆ ಗೆರೆ ಯಾವ ದೇಶಗಳ ಮೇಲೆ ಹಾಯುತ್ತದೆ ಎಂದು ಭೂಗೋಳದ ಮೇಲೆ ದಾರ ಹಿಡಿದು ನೋಡಿ. ನಿಮ್ಮ ಸಂಸ್ಥೆಗೆ ಮುಚ್ಚಿದ ಆಕಾಶ ನಡುವೆ ಬಂದರೆ, ಸುತ್ತುದಾರಿಯ ಎರಡು ಮೂರು ತಿರುವುಗಳನ್ನು ಆರಿಸಿ ತುಂಡುತುಂಡಾಗಿ ದೂರ ಕೂಡಿಸಿ. ದೊಡ್ಡ ವಿಮಾನಕ್ಕೆ 900, ಚಿಕ್ಕದಕ್ಕೆ 830ರಿಂದ ಭಾಗಿಸಿ. ಮಧ್ಯ ಅಕ್ಷಾಂಶಗಳಲ್ಲಿ ಪೂರ್ವಕ್ಕೆ ಹೋಗುವುದಾದರೆ ವೇಗಕ್ಕೆ 50ರಿಂದ 100 ಸೇರಿಸಿ, ಪಶ್ಚಿಮಕ್ಕಾದರೆ ಅಷ್ಟೇ ಕಳೆಯಿರಿ. ಸಮಭಾಜಕದ ಹತ್ತಿರ ಅಥವಾ ಉತ್ತರ–ದಕ್ಷಿಣವಾಗಿ ಹೋಗುವಾಗ ಈ ತಿದ್ದುಪಡಿಯನ್ನು ಬಿಟ್ಟುಬಿಡಬಹುದು. ಕೊನೆಗೆ ಏರಿಳಿತಕ್ಕೆ ಅರ್ಧ ಗಂಟೆ, ಟ್ಯಾಕ್ಸಿಗೆ ಇನ್ನರ್ಧ ಗಂಟೆ ಸೇರಿಸಿ.

ಇದಕ್ಕಿಂತ ನಂಬಿಕಸ್ಥ ದಾರಿ, ವಿಮಾನಗಳ ಜಾಡು ತೋರಿಸುವ ತಾಣಗಳಲ್ಲಿ ಅದೇ ಸಂಖ್ಯೆಯ ಹಾರಾಟ ಕಳೆದ ಹತ್ತು ಹದಿನೈದು ದಿನ ನಿಜವಾಗಿ ತೆಗೆದುಕೊಂಡ ಸಮಯ ನೋಡುವುದು. ಅಲ್ಲಿ ಸರಾಸರಿಯನ್ನು ನಂಬಬೇಡಿ. ಮುಂದಿನ ವಿಮಾನ ಹಿಡಿಯಬೇಕಿದ್ದರೆ ಅತಿ ಹೆಚ್ಚು ತಡವಾದ ದಿನವನ್ನೇ ಆಧಾರವಾಗಿಟ್ಟುಕೊಳ್ಳಿ. ಬೇಸಿಗೆಯಲ್ಲಿ ನೋಡಿದ ಸಮಯವನ್ನು ಜನವರಿಗೆ ಅನ್ವಯಿಸಬೇಡಿ. ‘ಡೈರೆಕ್ಟ್’ ಎಂದು ಬರೆದ ಹಾರಾಟ ನಡುವೆ ನಿಲ್ಲಬಹುದು; ‘ನಾನ್‌ಸ್ಟಾಪ್’ ಎಂದಿದ್ದರೆ ಮಾತ್ರ ನಿಲ್ಲುವುದಿಲ್ಲ. ಇಂಧನಕ್ಕಾಗಿ ಒಂದು ನಿಲುಗಡೆ ಎಂದರೆ ಇಳಿದು, ತುಂಬಿಸಿಕೊಂಡು, ಮತ್ತೆ ಏರುವಷ್ಟರಲ್ಲಿ ಒಂದೂವರೆಯಿಂದ ಎರಡು ಗಂಟೆ.

ಟಿಕೆಟ್‌ನಲ್ಲಿ ಎರಡೂ ಸಮಯಗಳು ಆಯಾ ಊರಿನವು. ಅವಧಿ ಬೇಕಿದ್ದರೆ ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯಕ್ಕೆ ತಂದುಕೊಳ್ಳಿ. ಶುಕ್ರವಾರ ಸಂಜೆ 5ಕ್ಕೆ ಟೋಕಿಯೊ (ಯುಟಿಸಿ +9) ಬಿಟ್ಟು ಅದೇ ಶುಕ್ರವಾರ ಬೆಳಿಗ್ಗೆ 11ಕ್ಕೆ ಲಾಸ್ ಏಂಜಲೀಸ್ (ಬೇಸಿಗೆಯಲ್ಲಿ ಯುಟಿಸಿ −7) ತಲುಪುವ ವಿಮಾನ ಹೊರಟದ್ದು ಯುಟಿಸಿ 8 ಗಂಟೆಗೆ, ಇಳಿದದ್ದು 18 ಗಂಟೆಗೆ. ಹತ್ತು ಗಂಟೆಯ ಪ್ರಯಾಣ. ಎಚ್ಚರ ಬೇಕಾದದ್ದು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ. ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರ ಮುಂದಿಡುತ್ತದೆ, ಯುರೋಪ್ ಕೊನೆಯ ಭಾನುವಾರ. ನ್ಯೂಯಾರ್ಕ್–ಲಂಡನ್ ಅಂತರ ಆ ಎರಡು ಮೂರು ವಾರ ಐದು ಗಂಟೆಯ ಬದಲು ನಾಲ್ಕು ಗಂಟೆ. ಯುರೋಪ್ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಹಿಂದಿಡುವುದರಿಂದ ಆಗಲೂ ಒಂದು ವಾರ ಹೀಗೇ. ಐದು ಗಂಟೆ ಎಂದೇ ಹಿಡಿದು ಲೆಕ್ಕ ಹಾಕಿದವರಿಗೆ ಆ ವಾರಗಳಲ್ಲಿ ಲಂಡನ್‌ಗೆ ಹೋಗುವ ವಿಮಾನ ಒಂದು ಗಂಟೆ ಬೇಗ ತಲುಪಿದಂತೆ, ನ್ಯೂಯಾರ್ಕ್‌ಗೆ ಹೋಗುವುದು ಒಂದು ಗಂಟೆ ಹೆಚ್ಚು ತೆಗೆದುಕೊಂಡಂತೆ ಕಾಣುತ್ತದೆ.